ಹಣೆಯ ಮೇಲಿನ ಮಣ್ಣು

ಕೆರೆ ಏರಿಯ ಮೇಲಿದ್ದ ಹಳೆಯ ಶಾಸನಕ್ಕೆ ಊರವರೆದುರು ಅರ್ಥ ಹೇಳಿ, ಅವರಿಂದ ಹಣೆತುಂಬ ಕುಂಕುಮ ಹಚ್ಚಿಸಿಕೊಂಡು ಬಂದ ಶಿಷ್ಯ ಗುರುಗಳನ್ನು ಕೇಳಿದ: "ಗುರುಗಳೇ, ಜನ ನಂಬಿ ಕೇಳುವಾಗ 'ನನಗೆ ಗೊತ್ತಿಲ್ಲ' ಎಂದರೆ ಮರ್ಯಾದೆ ಹೋಗುವುದಿಲ್ಲವೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಹಡಗು ಹತ್ತಿ ನಾಲ್ಕು ದೇಶ ಕಂಡವನು. 'ಗೊತ್ತಿಲ್ಲ' ಎಂಬ ಮಾತು ಅವನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಒಮ್ಮೆ ಊರಿನ ಕೆಲವರನ್ನು ಕರೆದುಕೊಂಡು ಮೆಡಿಟರೇನಿಯನ್ ಕಡಲ ದಂಡೆಗೆ ಹೋದ. ಅಲ್ಲೊಂದು ಹಾಳುಬಿದ್ದ ಬಂದರು ಪಟ್ಟಣ. ಕಂಬ ಕಂಡರೆ ಜನ ಇದೇನೆಂದು ಕೇಳುವರು, ವರ್ತಕ ಹೇಳುವನು. ಕಟ್ಟೆ ಕಂಡರೆ ಕೇಳುವರು, ಅದಕ್ಕೂ ಹೇಳುವನು. ಕೇಳುವವರಿದ್ದರೆ ಹೇಳುವವರಿಗೇನು ಬರ!

ಒಂದು ಕಡೆ ಅಮೃತಶಿಲೆಯ ಉದ್ದನೆಯ ಜಗಲಿಯಿತ್ತು. ಅದರ ಮೇಲೆ ಸಾಲಾಗಿ ದುಂಡನೆಯ ತೂತುಗಳು. ವರ್ತಕ ಒಂದು ಗಳಿಗೆ ತಡವರಿಸಿದ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

"ಇದು ದೇವರ ಪೀಠ. ಒಂದೊಂದು ತೂತಿನಲ್ಲೂ ಒಂದೊಂದು ಮೂರ್ತಿ ನಿಲ್ಲಿಸುತ್ತಿದ್ದರು. ಚಪ್ಪಲಿ ಬಿಡಿ" ಎಂದ.

ಎಲ್ಲರೂ ಚಪ್ಪಲಿ ಬಿಟ್ಟು ಕೈಮುಗಿದರು. ಒಬ್ಬ ಮುದುಕಿಯಂತೂ ಕಲ್ಲಿಗೆ ಹಣೆ ಹಚ್ಚಿ ಬಹಳ ಹೊತ್ತು ಏಳಲಿಲ್ಲ. ಅವಳ ಮಗಳು ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು. ಎದ್ದವಳು ಜಗಲಿಯ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು ಸೆರಗಿಗೆ ಕಟ್ಟಿಕೊಂಡಳು.

ಹಡಗಿಗೆ ಮರಳುವ ದಾರಿಯಲ್ಲಿ ವರ್ತಕನಿಗೆ ಶಲ್ಯ ಮರೆತದ್ದು ನೆನಪಾಯಿತು. ಒಬ್ಬನೇ ಹಿಂದಿರುಗಿದ. ಅಲ್ಲಿನ ಕಾವಲುಗಾರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಏನಯ್ಯಾ, ಹಳೇ ಕಾಲದವರ ಕಕ್ಕಸಿಗೆ ಅಡ್ಡಬಿದ್ದಿರಲ್ಲ!"

ಭೂಮಿ ಬಾಯ್ಬಿಡಬಾರದೇ ಎನಿಸಿತು ವರ್ತಕನಿಗೆ. ಹೋದಕೂಡಲೇ ನಿಜ ಹೇಳಿಬಿಡಬೇಕು ಎಂದುಕೊಂಡೇ ಹಡಗು ಹತ್ತಿದ. ಮುದುಕಿ ಎದುರಿಗೇ ಕೂತಿದ್ದಳು.

"ಅಪ್ಪಾ, ನಿನ್ನಿಂದ ದೊಡ್ಡ ದರ್ಶನ ಆಯ್ತು. ಈ ಮಣ್ಣು ಹಚ್ಚಿದ್ರೆ ನನ್ನ ಮಗಳು ಎದ್ದು ಓಡಾಡ್ತಾಳೆ" ಎನ್ನುತ್ತ ಅವಳು ಸೆರಗಿನ ಗಂಟು ಬಿಚ್ಚಿದಳು. "ಮೊದಲು ನಿನಗೆ" ಎಂದು ಒಂದು ಚಿಟಿಕೆ ತೆಗೆದು ಅವನ ಹಣೆಗೆ ಹಚ್ಚಿದಳು.

ವರ್ತಕ ಬಾಯಿ ತೆರೆದ. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನಾಚಿಕೆಯಿಂದ ಅವನ ಮೈ ಹಿಡಿಯಷ್ಟಾಯಿತು. ಊರು ಮುಟ್ಟುವವರೆಗೂ ಅವನು ಯಾರ ಮುಖವನ್ನೂ ನೋಡಲಿಲ್ಲ. ಮುದುಕಿ ನೋಡುತ್ತಿದ್ದಳಾದ್ದರಿಂದ ಮಣ್ಣನ್ನು ಒರೆಸಿಕೊಳ್ಳಲೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕೈ ತಾನಾಗಿಯೇ ಹಣೆಯತ್ತ ಹೋಗಿ ಅರ್ಧಕ್ಕೇ ನಿಂತಿತು.

"ಮಗು, ಆ ಶಾಸನದ ಒಂದಕ್ಷರವೂ ಬಾರದ ನಿನ್ನ ಹಣೆಗೆ ಈ ಕುಂಕುಮ ಹಚ್ಚಿದವರು ಯಾರು?" ಎಂದು ಗುರುಗಳು ಕೇಳಿದರು.