ಬಸವನಹುಳುವಿನ ಮೆರವಣಿಗೆ

ವಯಸ್ಸು ಎಪ್ಪತ್ತು ದಾಟಿದ ಮೇಲೆ ದುಂಡಮ್ಮನಿಗೆ ಸೊಂಟ ಬಗ್ಗದಾಯಿತು, ಮೊಣಕಾಲು ಮಡಿಸಿ ನೆಲಕ್ಕೆ ಕೂರಲು ಬರದಾಯಿತು. ಇದು ಗೊತ್ತಾದದ್ದೇ ತಡ, ಅವಳ ಹಿತ್ತಿಲಿನ ಬಸವನಹುಳು ಹಾಡುಹಗಲೇ ಟೊಮೆಟೊ ಗಿಡದ ಬುಡದಲ್ಲಿ ಕೂತು ಎಲೆ ಮೇಯತೊಡಗಿತು.

"ಬೇರೆ ಕಡೆ ಹೋಗಪ್ಪ," ಎಂದಳು ದುಂಡಮ್ಮ, ನಿಂತಲ್ಲಿಂದಲೇ.

"ದೇವರಿಗೆ ಬಿಟ್ಟ ಬಸವ ಯಾರ ಹೊಲದಲ್ಲಿ ಮೇಯ್ದರೂ ಯಾರೂ ಅಟ್ಟುವುದಿಲ್ಲ. ನಾನೂ ಹೆಸರಿನಲ್ಲಿ ಬಸವನೇ," ಎಂದಿತು ಹುಳು. "ಅಷ್ಟು ಬೇಡವಾಗಿದ್ದರೆ ಬಗ್ಗಿ ಎತ್ತಿಕೋ, ಅಜ್ಜಿ."

ಎಂಟು ದಿನದಲ್ಲಿ ಗಿಡಗಳು ಬರೀ ಕಡ್ಡಿಯಾದವು.

"ಬಸವನಿಗೆ ನೆಲದ ಮೇಲೆ ಬಡಿಸಿದ್ದು ನನ್ನದೇ ತಪ್ಪು," ಎಂದಳು ದುಂಡಮ್ಮ. ಮುಂದಿನ ಸಲ ಸಸಿಗಳನ್ನು ಹಳೆಯ ಬಕೆಟ್ಟುಗಳಲ್ಲಿ ನೆಟ್ಟು, ಬಟ್ಟೆ ಒಗೆಯುವ ಎತ್ತರದ ಕಲ್ಲಿನ ಮೇಲೆ ಸಾಲಾಗಿ ಇಟ್ಟಳು. ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡಳು. ನೀರು ಹಾಕುವುದೂ ಕಳೆ ಕೀಳುವುದೂ ಕೂತಲ್ಲೇ ಆಯಿತು.

ಹಣ್ಣು ಕೆಂಪಾಯಿತು. ಹುಳುವಿಗೆ ತಡೆಯಲಾಗಲಿಲ್ಲ. ಅದು ಕಲ್ಲು ಹತ್ತಿ, ಬಕೆಟ್ಟು ಹತ್ತಿ, ಗಿಡ ಹತ್ತಿ ಹಣ್ಣಿನ ಹತ್ತಿರ ಬರುವಷ್ಟರಲ್ಲಿ ಬೆಳಗಾಯಿತು. ಎದುರಿನ ಕುರ್ಚಿಯಲ್ಲಿ ದುಂಡಮ್ಮ ಕಾಫಿ ಕುಡಿಯುತ್ತಿದ್ದಳು. ಲೋಟ ಕಲ್ಲಿನ ಮೇಲಿಟ್ಟು, ಕೈ ಚಾಚಿ, ಹುಳುವನ್ನು ಎತ್ತಿಕೊಂಡಳು.

"ನೀನು ಬಗ್ಗಲೇ ಇಲ್ಲವಲ್ಲ," ಎಂದಿತು ಹುಳು, ಕೊಂಬು ಒಳಗೆಳೆದುಕೊಳ್ಳುತ್ತ.

"ನೀನೇ ಹತ್ತಿ ಬಂದೆಯಲ್ಲಪ್ಪ," ಎಂದಳು ದುಂಡಮ್ಮ. "ಬಸವ ಅಂದಮೇಲೆ ಮೆರವಣಿಗೆಯೂ ಆಗಬೇಕು."

ಹುಳುವನ್ನು ಅಂಗೈ ಮೇಲೆ ಕೂರಿಸಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ, ಅವಳು ಕೋಳಿಗೂಡಿನ ಕಡೆ ಹೊರಟಳು.