ಕೆಂಬಾಲದ ಮಡು

ಶಿಷ್ಯ ಕೇಳಿದ: "ಗುರುಗಳೇ, ಕೆಟ್ಟದ್ದನ್ನು ಬಯಸಿ ಕೆಟ್ಟದ್ದು ಮಾಡಿದವನು ತನ್ನ ಬಯಕೆಗಾಗಿ ಪಶ್ಚಾತ್ತಾಪ ಪಡಬಹುದು. ಒಳ್ಳೆಯದನ್ನೇ ಬಯಸಿ ಮಾಡಿದ್ದು ಕೇಡಾಗಿ ಮುಗಿದರೆ, ಅವನು ಯಾವುದಕ್ಕೆಂದು ಪಶ್ಚಾತ್ತಾಪ ಪಡಬೇಕು?"

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ನದಿಯ ದಡದಲ್ಲಿ ಒಬ್ಬ ಬೆಸ್ತನಿದ್ದ. ಅವನ ಊರಿನ ಕೆಳಗೆ ನದಿ ಬಂಡೆಗಳ ನಡುವೆ ತಿರುಗಿ ಆಳವಾದ ಮಡುವಾಗಿತ್ತು. ಆ ಮಡುವಿನಲ್ಲಿ ದೊಡ್ಡ ಮೀನುಗಳಿದ್ದವು. ಬೆನ್ನ ಮೇಲೆ ಡುಬ್ಬ, ಬಾಲಕ್ಕೆ ಕೆಂಪು. ನಿಧಾನವಾಗಿ ಬೆಳೆದು ಆಳುದ್ದ ಆಗುವ ಮೀನು. ಆ ನದಿಯೊಂದನ್ನು ಬಿಟ್ಟರೆ ಅದು ಬೇರೆಲ್ಲೂ ಇರಲಿಲ್ಲ. ಊರವರು ಅದನ್ನು ಕೆಂಬಾಲ ಎನ್ನುತ್ತಿದ್ದರು.

ಪ್ರಾಯದಲ್ಲಿ ಬೆಸ್ತ ಕೆಂಬಾಲ ಹಿಡಿಯುವುದರಲ್ಲಿ ಎತ್ತಿದ ಕೈ. ಒಂದು ಬೇಸಿಗೆಯ ಕೊನೆಗೆ ಅವನ ಗಾಳಕ್ಕೆ ಬಲು ದೊಡ್ಡದೊಂದು ಬಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಅದು ಅವನ ಹರಿಗೋಲನ್ನು ಮಡುವಿನ ತುಂಬ ಎಳೆದಾಡಿ ಕೊನೆಗೆ ಸೋತಿತು. ದಡಕ್ಕೆ ತಂದು ಹೊಟ್ಟೆ ಸೀಳಿದಾಗ ಒಳಗೆಲ್ಲ ಮೊಟ್ಟೆ. ಬೊಗಸೆ ಬೊಗಸೆ ತೆಗೆದರೂ ಮುಗಿಯಲಿಲ್ಲ. ಆ ವರ್ಷ ಮಡುವಿನಲ್ಲಿ ಅವನು ಕಂಡಿದ್ದ ಕೆಂಬಾಲಗಳು ಬೆರಳೆಣಿಕೆಯಷ್ಟು. ಕೈ ತೊಳೆಯಲೆಂದು ನೀರಿಗಿಳಿದವನು ಬಹಳ ಹೊತ್ತು ಹಾಗೇ ನಿಂತ. ಅಂದಿನಿಂದ ಅವನು ಕೆಂಬಾಲಕ್ಕೆ ಗಾಳ ಹಾಕಲಿಲ್ಲ.

ಉಳಿದವರು ಬಿಡಲಿಲ್ಲ. ಕೆಲವರು ಮಡುವಿಗೆ ಸಿಡಿಮದ್ದು ಎಸೆದು ಮೀನು ಹಿಡಿಯುತ್ತಿದ್ದರು. ಒಮ್ಮೆ ಸಿಡಿಸಿದರೆ ದೊಡ್ಡದು, ಮರಿ ಎನ್ನದೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬೆಸ್ತ ಹರಿಗೋಲನ್ನು ಮಡುವಿನ ನಡುವೆ ನಿಲ್ಲಿಸಿ, "ಎಸೆಯುವುದಾದರೆ ನನ್ನ ಮೇಲೆ ಎಸೆಯಿರಿ" ಎಂದ. ಅವರು ಎಸೆಯಲಿಲ್ಲ. ದಡಕ್ಕೆ ಬಂದಾಗ ಹಿಡಿದು ಬಡಿದರು. ಅವನ ಎಡಗೈ ಮುರಿಯಿತು. ಮರುದಿನ ಅವನು ಕೈಗೆ ಪಟ್ಟಿ ಕಟ್ಟಿಕೊಂಡು ಅದೇ ಜಾಗಕ್ಕೆ ಬಂದ. ಅದರ ಮರುದಿನವೂ ಬಂದ. ಬಡಿದವರಿಗೇ ನಾಚಿಕೆಯಾಯಿತು. ಆ ಮಡುವಿನಲ್ಲಿ ಸಿಡಿಮದ್ದಿನ ಸದ್ದು ನಿಂತುಹೋಯಿತು, ಕೆಂಬಾಲಕ್ಕೆ ಗಾಳ ಹಾಕುವುದನ್ನೂ ಎಲ್ಲರೂ ಬಿಟ್ಟರು.

ಆದರೂ ಕೆಂಬಾಲ ಹೆಚ್ಚಲಿಲ್ಲ. ಒಂದು ವರ್ಷ ಹನ್ನೊಂದು ಕಂಡವು. ಮುಂದಿನ ವರ್ಷ ಹತ್ತು. ಅದರ ಮುಂದೆ ಎಂಟು. ಯಾರೂ ಕೊಲ್ಲುತ್ತಿರಲಿಲ್ಲ. ಆದರೆ ಒಂದೂ ಮರಿ ಕಾಣುತ್ತಿರಲಿಲ್ಲ.

ಬೆಸ್ತನ ತಾಯಿಯ ಅಕ್ಕ ಅವನ ಮನೆಯಲ್ಲೇ ಇದ್ದಳು. ಹಣ್ಣುಹಣ್ಣು ಮುದುಕಿ. ನದಿಯನ್ನು ಅವಳಷ್ಟು ಬಲ್ಲವರು ಆ ಊರಲ್ಲಿ ಯಾರೂ ಇರಲಿಲ್ಲ. ಮುಂಗಾರಿನ ಮೊದಲ ಕೆಂಪುನೀರು ಬಂದ ದಿನ ಅವಳು ಅವನನ್ನು ಅರ್ಧ ಹರದಾರಿ ಮೇಲಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಮೇಲೂರಿನ ರೈತರು ಕಾಲುವೆಗೆ ನೀರು ತಿರುಗಿಸಲು ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿದ್ದರು. ಒಡ್ಡಿನ ನಡುವಿನ ಬಾಯಿಗೆ ಮರದ ಹಲಗೆಗಳನ್ನು ಇಳಿಸಿದ್ದರು. ಕೆಂಬಾಲಗಳು ಒಂದೊಂದಾಗಿ ಹಾರಿ, ಹಲಗೆಗೆ ಬಡಿದು, ಕೆಳಗೆ ಬೀಳುತ್ತಿದ್ದವು. ಮತ್ತೆ ಹಾರುತ್ತಿದ್ದವು.

ಮುದುಕಿ ಹೇಳಿದಳು: "ನೋಡು ಮಗಾ. ಇವು ಮೊಟ್ಟೆ ಇಡೋದು ಮೇಲೆ ತೆಳುನೀರಲ್ಲಿರೋ ಸಣ್ಣ ನುರುಜುಗಲ್ಲಿನ ಹಾಸಿನ ಮೇಲೆ. ಅಲ್ಲಿಗೆ ಹೋಗೋ ದಾರಿ ಮುಚ್ಚಿದೆ. ಮೇಲೂರಿಗೆ ಹೋಗಿ, ಮಳೆಗಾಲದಲ್ಲಿ ಆ ಹಲಗೆ ತೆಗೀರಿ ಅಂತ ಕೇಳಪ್ಪ."

"ಅವರು ಕೇಳ್ತಾರಾ ದೊಡ್ಡವ್ವ?"

"ಅವರು ಕೇಳೋದು ಆಮೇಲೆ. ನೀನು ಹೇಳಬೇಕಲ್ಲ ಮೊದಲು."

ಬೆಸ್ತ ಹೋಗಲಿಲ್ಲ. ಹಿಂದೆ ಅವನ ತಂದೆ ಮೇಲೂರಿನ ಕಾಲುವೆಯಲ್ಲಿ ಬಲೆ ಬೀಸಿದನೆಂದು ಅಲ್ಲಿಯವರು ತಂದೆಯನ್ನು ಊರಗೌಡನ ಜಗಲಿಯ ಕೆಳಗೆ ನಿಲ್ಲಿಸಿ ಎಲ್ಲರೆದುರು ಬೈದಿದ್ದರು. ಅದೇ ಜಗಲಿಯ ಕೆಳಗೆ ತಾನೂ ಕೈಕಟ್ಟಿ ನಿಲ್ಲುವುದನ್ನು ನೆನೆದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಮುಂದಿನ ಮಳೆಗಾಲಕ್ಕೆ ನೋಡೋಣ ಎಂದುಕೊಂಡ. ಮುಂದಿನ ಮಳೆಗಾಲದಲ್ಲೂ ಹಾಗೇ ಎಂದುಕೊಂಡ.

ಅಷ್ಟರಲ್ಲಿ ಆ ಊರಿಗೆ ಒಬ್ಬ ವರ್ತಕ ಬಂದ. ಬೆಸ್ತನ ಸಂಗತಿ ಕೇಳಿ ಅವನಿಗೆ ಮರುಕವಾಯಿತು. ಬೆಟ್ಟದಾಚೆಯ ಇನ್ನೊಂದು ನದಿಯಲ್ಲಿ ಇದೇ ರೂಪದ ಮೀನು ಇದೆಯೆಂದೂ, ಅಲ್ಲಿಯವರು ಕೊಳದಲ್ಲಿ ಅದರ ಮರಿ ಮಾಡಿಸುತ್ತಾರೆಂದೂ ಹೇಳಿದ. ಬೇಕಾದಷ್ಟು ಮರಿ ಕೊಡಿಸುತ್ತೇನೆ, ನಿನ್ನ ಮಡು ಮೂರೇ ವರ್ಷದಲ್ಲಿ ತುಂಬುತ್ತದೆ ಎಂದ.

ಬೆಸ್ತನಿಗೆ ಹೋದ ಜೀವ ಬಂದಂತಾಯಿತು. ಮುದುಕಿ ಮಾತ್ರ, "ಇವಕ್ಕೆ ಬೇಕಾದ್ದು ದಾರಿ ಕಣಪ್ಪ, ನೆಂಟರಲ್ಲ" ಎಂದಳು. ಅವನು ಕೇಳಿಸಿಕೊಂಡ. ಆದರೆ ಕಾಲು ಆಗಲೇ ಬೆಟ್ಟದ ಕಡೆ ತಿರುಗಿತ್ತು.

ಮೂರು ಜನ ನೆಂಟರನ್ನು ಕರೆದುಕೊಂಡು ಹೋಗಿ ಅವನು ಮರಿ ತಂದ. ಗಡಿಗೆಗಳನ್ನು ಅಡ್ಡೆಗೆ ಕಟ್ಟಿ ಹೊತ್ತು ನಾಲ್ಕು ದಿನ ನಡೆದರು. ಮರಿಗಳಿಗೆ ಉಸಿರು ಕಟ್ಟದಂತೆ ಗಡಿಗೆಯ ನೀರನ್ನು ಅಲುಗಿಸುತ್ತಲೇ ಇರಬೇಕು. ಹಳ್ಳ ಸಿಕ್ಕಲ್ಲೆಲ್ಲ ನೀರು ಬದಲಿಸಬೇಕು. ಮುರಿದು ಕೂಡಿದ್ದ ಎಡಗೈ ಊದಿಕೊಂಡಿತು. ಅವನು ಅಡ್ಡೆಯನ್ನು ಇಳಿಸಲಿಲ್ಲ. ಊರಿನ ಜನರೆಲ್ಲ ಎದುರು ಬಂದಿದ್ದರು. ಮರಿಗಳನ್ನು ಮಡುವಿಗೆ ಬಿಟ್ಟಾಗ ಹೆಂಗಸರು ಅವನಿಗೆ ಆರತಿ ಎತ್ತಿದರು. ಮುದುಕಿ ಮಡುವಿಗೆ ಬಂದಿರಲಿಲ್ಲ. ಆ ವರ್ಷವೇ ಅವಳು ತೀರಿಕೊಂಡಳು.

ವರ್ತಕ ಸುಳ್ಳು ಹೇಳಿರಲಿಲ್ಲ. ಮೂರು ವರ್ಷಕ್ಕೆ ಮಡು ತುಂಬಿತು. ಹೊಸ ಮೀನುಗಳು ಕೆಂಬಾಲದಂತೆ ನುರುಜುಗಲ್ಲೇ ಬೇಕೆಂದು ಕಾಯುವವಲ್ಲ. ಒಡ್ಡಿನ ಕೆಳಗೇ ಮರಿ ಮಾಡಿಕೊಂಡವು. ಬೇಗ ಬೆಳೆದವು. ಕೆಂಬಾಲದ ಮೇವೂ ಸೇರಿ ಸಿಕ್ಕಿದ್ದನ್ನೆಲ್ಲ ತಿಂದವು. ದೂರದೂರದಿಂದ ಜನ ನೋಡಲು ಬಂದರು. ರಾಗಿಹಿಟ್ಟಿನ ಉಂಡೆ ಎಸೆದರೆ ನೀರೇ ಕುದಿಯುವಂತೆ ಮೀನು ಮೇಲೇಳುತ್ತಿದ್ದವು. ಬಂದವರು ಬೆಸ್ತನ ಕಾಲಿಗೆ ಬೀಳುತ್ತಿದ್ದರು. ಮೀನಿನ ಅಪ್ಪ ಎನ್ನುತ್ತಿದ್ದರು. ಮೊದಮೊದಲು ಅವನು ಬೇಡ ಎನ್ನುತ್ತಿದ್ದ. ಆಮೇಲೆ ಯಾರಾದರೂ ಬೀಳದೆ ಹೋದರೆ ಅದು ಅವನ ಗಮನಕ್ಕೆ ಬರುತ್ತಿತ್ತು.

ಹೊಸ ಮೀನಿನ ಬಾಲ ನೀಲಿ. ಬೆನ್ನಿನಲ್ಲಿ ಡುಬ್ಬವಿರಲಿಲ್ಲ. ಬೆಳೆದ ಮೇಲೆ ಬರುತ್ತದೆ ಎಂದು ಅವನು ಕಾದ. ಬರಲಿಲ್ಲ. ಅಷ್ಟು ನೀಲಿಯ ನಡುವೆ ಕೆಂಪು ಹುಡುಕುವುದು ದಿನದಿನಕ್ಕೆ ಕಷ್ಟವಾಯಿತು. ಒಂದು ಬೇಸಿಗೆ ಇಡೀ ನೋಡಿದರೂ ಕಂಡದ್ದು ಒಂದೇ ಒಂದು ಕೆಂಬಾಲ. ಹೆಣ್ಣು. ಉಂಡೆಯ ಆಸೆಗೆ ಅದು ಮೇಲೆ ಬರುತ್ತಿರಲಿಲ್ಲ. ಬಂಡೆಯ ಸಂದಿನಲ್ಲಿ ಒಂಟಿಯಾಗಿ ನಿಂತಿರುತ್ತಿತ್ತು.

ಮುಂಗಾರು ಹಿಡಿಯಿತು. ಬೆಸ್ತ ಒಡ್ಡಿನ ಬಳಿಗೆ ಹೋದ. ಆ ಹೆಣ್ಣು ಹಾರಿ ಹಾರಿ ಹಲಗೆಗೆ ಬಡಿಯುತ್ತಿತ್ತು. ಮೂತಿಯಲ್ಲಿ ರಕ್ತ. ಅವನು ಅಲ್ಲಿಂದ ಓಡಿದ. ಮೇಲೂರಿಗೆ ಹೋಗಿ, ಗೌಡನ ಜಗಲಿಯ ಕೆಳಗೆ ಕೆಸರುಗಾಲಿನಲ್ಲಿ ನಿಂತು ಕೈಮುಗಿದ.

"ಗೌಡರೇ, ಒಡ್ಡಿನ ಹಲಗೆ ತೆಗೆಸಿಕೊಡಿ. ಒಂದು ಮೀನು ಮೇಲೆ ಹೋಗಬೇಕು."

ಮುದಿ ಗೌಡ ಅವನನ್ನು ಗುರುತಿಸಿ ಎದ್ದು ನಿಂತ. "ಇಷ್ಟಕ್ಕೆ ನೀನು ಈ ಮಳೆಯಲ್ಲಿ ಓಡಿ ಬಂದೆಯಾ? ಮಳೆಗಾಲದಲ್ಲಿ ನಮಗೆ ಕಾಲುವೆ ನೀರು ಯಾಕೆ ಬೇಕಯ್ಯ? ತೆಗೆಯುವವರು ಯಾರು ಎಂಬ ಸೋಮಾರಿತನಕ್ಕೆ ಹಾಗೇ ಬಿಟ್ಟಿದ್ದೇವೆ. ಯಾವ ವರ್ಷ ಬಂದು ಹೇಳಿದ್ದರೂ ತೆಗೆದುಕೊಡುತ್ತಿದ್ದೆವಲ್ಲ."

ಗೌಡ ಕುಡಿಯಲು ಕೊಟ್ಟ ಮಜ್ಜಿಗೆ ಬೆಸ್ತನ ಕೈಯಲ್ಲೇ ಉಳಿಯಿತು.

ಆ ಮಧ್ಯಾಹ್ನವೇ ನಾಲ್ಕು ಆಳುಗಳು ಹಗ್ಗ ಹಾಕಿ ಹಲಗೆ ಎತ್ತಿದರು. ಕೆಂಬಾಲ ಒಂದೇ ನೆಗೆತಕ್ಕೆ ಒಡ್ಡು ದಾಟಿತು. ಬೆಸ್ತ ದಡದ ಮೇಲೆ ಅದರ ಜೊತೆಗೇ ನಡೆದ. ಎರಡನೆಯ ದಿನ ಅದು ನುರುಜುಗಲ್ಲಿನ ತೆಳುನೀರನ್ನು ಮುಟ್ಟಿತು. ಬಾಲದಿಂದ ಕಲ್ಲು ಸರಿಸಿ ಜಾಗ ಮಾಡಿಕೊಂಡಿತು. ಅಲ್ಲೇ ಸುತ್ತಿತು. ಬೆಸ್ತ ಊಟ ನೀರಿಲ್ಲದೆ ಕುಳಿತು ಕೆಳಗಿನ ಹರಿವನ್ನೇ ನೋಡಿದ. ಒಂದು ಗಂಡಾದರೂ ಎಲ್ಲೋ ಉಳಿದಿರಬಹುದು, ಈ ದಾರಿ ಹಿಡಿದು ಬರಬಹುದು ಎಂದು ಕಾದ.

ಮೂರನೆಯ ದಿನ ಮೀನುಗಳು ಬಂದವು. ಹಿಂಡು ಹಿಂಡಾಗಿ ಬಂದವು. ಎಲ್ಲದರ ಬಾಲವೂ ನೀಲಿ. ಅವನೇ ತೆಗೆಸಿದ ಹಲಗೆಯ ಬಾಯಿಂದ ಏರಿ ಬಂದು ನುರುಜುಗಲ್ಲನ್ನೆಲ್ಲ ತುಂಬಿಕೊಂಡವು. ಬೆಸ್ತ ನೀರಿಗೆ ಹಾರಿ ಕೈಯಿಂದ ಬಡಿದು ಅವನ್ನು ಓಡಿಸಲು ನೋಡಿದ. ಅವು ಅವನ ಕೈಯಲ್ಲಿ ಉಂಡೆ ಹುಡುಕುತ್ತಾ ಇನ್ನೂ ಹತ್ತಿರ ಬಂದವು. ನೀರು ತಿಳಿಯಾದಾಗ ಕೆಂಬಾಲ ಅಲ್ಲಿರಲಿಲ್ಲ. ಮೇಲೆ ಹೋಯಿತೋ ಕೆಳಗೆ ಹೋಯಿತೋ ಅವನಿಗೆ ತಿಳಿಯಲಿಲ್ಲ. ಮತ್ತೆಂದೂ ಅದನ್ನು ಅವನು ಕಾಣಲಿಲ್ಲ. ಬೇರೆ ಯಾರೂ ಕಾಣಲಿಲ್ಲ.

ಊರಿಗೆ ಬಂದು ಅವನು ಎಲ್ಲರಿಗೂ ಹೇಳಿದ, ಕೆಂಬಾಲ ಮುಗಿಯಿತು, ನಾನೇ ಮುಗಿಸಿದೆ ಎಂದು. ಯಾರಿಗೂ ಅದು ಅರ್ಥವಾಗಲಿಲ್ಲ. ಮಡು ತುಂಬ ಮೀನಿದೆಯಲ್ಲ, ಇನ್ನೇನು ಬೇಕು ಎಂದರು. ವಯಸ್ಸಾಗಿ ಬುದ್ಧಿ ಕದಡಿದೆ ಎಂದುಕೊಂಡು ಮತ್ತಷ್ಟು ಮರ್ಯಾದೆ ಮಾಡಿದರು. ದಿನವೂ ಯಾರಾದರೊಬ್ಬರು ಅವನ ಕಾಲಿಗೆ ಬೀಳುತ್ತಿದ್ದರು. ಬದುಕಿದ್ದಷ್ಟು ದಿನವೂ ಅವನು ಅದನ್ನು ತಡೆದುಕೊಂಡಿರಬೇಕಾಯಿತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ದನಿ ತಗ್ಗಿತ್ತು. "ಏಟಿಗೆ ಹೆದರದವನು, ನಾಲ್ಕು ದಿನ ಹೊರೆ ಹೊತ್ತವನು, ಆ ಜಗಲಿಯ ಕೆಳಗೆ ನಿಂತು ಒಂದು ಮಾತು ಕೇಳಲಾರದೆ ಹೋದನಲ್ಲ. ಆದರೂ ಗುರುಗಳೇ, ಅವನು ಬಯಸಿದ್ದು ಮೀನಿನ ಒಳಿತನ್ನೇ ಅಲ್ಲವೇ?"

ಗುರುಗಳು ಹೇಳಿದರು: "ಮೀನಿನ ಒಳಿತನ್ನೂ ಬಯಸಿದ್ದ."