ನಿಂತ ಕಲ್ಲು ಸಂಜೆಯೂ ಬೆಚ್ಚಗಿರುವುದೇಕೆ

ಭೂಮಿ ಇನ್ನೂ ಹಸಿಗೂಸಾಗಿದ್ದ ಕಾಲವಂತೆ, ದ್ಯಾಮಿ. ಆಗ ಈ ಗುಡ್ಡದ ಕಲ್ಲುಗಳೆಲ್ಲ ಮಲಗಿಯೇ ಇರುತ್ತಿದ್ದವು. ಬಿಸಿಲು ಬಂದರೂ ಮಲಗಿದ್ದವು, ಮಳೆ ಬಂದರೂ ಮಲಗಿದ್ದವು. ಅಂಥ ಸೋಮಾರಿಗಳು!

ಇದನ್ನು ನನಗೆ ಹೇಳಿದವಳು ನನ್ನ ಅಜ್ಜಿ. ಇಲ್ಲಿ ನಿಂತಿರುವ ಇದೇ ಕಲ್ಲಿಗೆ ಬೆನ್ನು ಕೊಟ್ಟು, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದಳು. ಈಗಲೂ ಇಲ್ಲಿಗೆ ಬಂದರೆ ಅವಳ ನೆನಪಾಗುತ್ತದೆ.

ಆ ಕಾಲದ ಜನರಿಗೆ ಊರೆಂಬುದಿರಲಿಲ್ಲ. ಹುಲ್ಲಿದ್ದಲ್ಲಿ ದನ, ದನ ಇದ್ದಲ್ಲಿ ಜನ. ಹುಲ್ಲು ಮುಗಿದರೆ ಒಲೆಯ ಕೆಂಡವನ್ನು ಮಡಕೆಗೆ ಹಾಕಿ, ಬೂದಿ ಮುಚ್ಚಿ, ಎತ್ತಿಕೊಂಡು ಹೊರಡುತ್ತಿದ್ದರು. ಮಡಕೆ ಹೊರುವ ಕೆಲಸ ಎಲ್ಲರಿಗಿಂತ ಕಿರಿಯ ಹುಡುಗಿಯದು. ಕೆಂಡ ಆರಿದರೆ ಅಡುಗೆಯಿಲ್ಲ, ಹುಲಿಯನ್ನು ಬೆದರಿಸಲು ಬೆಂಕಿಯಿಲ್ಲ.

ಒಂದು ವರ್ಷ ಆ ಮಡಕೆ ಚಿಗರಿ ಎಂಬ ಹುಡುಗಿಯ ಕೈಯಲ್ಲಿತ್ತು. ಅವಳ ಅಜ್ಜಿ ತೀರಿಕೊಂಡಿದ್ದಳು. ಇಲ್ಲೇ, ಹಿರಿಯರ ಸಮಾಧಿಗಳಿದ್ದ ಕಡೆ, ಮಲಗಿದ್ದ ಈ ಕಲ್ಲುಗಳ ನಡುವೆ ಮಣ್ಣು ಮಾಡಿದ್ದರು. ಬೇಸಿಗೆಯಲ್ಲೂ ಥಂಡಿ ಥಂಡಿ ಎನ್ನುತ್ತಿದ್ದ ಮುದುಕಿ ಅವಳು. ದನಗಳು ಗುಡ್ಡ ಇಳಿದವು, ಜನರೂ ಇಳಿದರು. ಚಿಗರಿ ಮಾತ್ರ ಮಡಕೆಯನ್ನು ಅಜ್ಜಿಯ ತಲೆದೆಸೆಗೆ ಇಟ್ಟು ಕೂತುಬಿಟ್ಟಳು.

"ಏ ಹುಡುಗಿ, ಬೆಂಕಿ ತಗೊಂಡು ಬಾರೇ!" ಎಂದು ಅವಳವ್ವ ಕೆಳಗಿನಿಂದ ಕೂಗಿದಳು.

"ಅಜ್ಜಿಗೆ ಥಂಡಿ ಆಕ್ಕೈತಿ. ನಾ ಒಲ್ಲೆ."

ಗಾಳಿ ಬಂತು. "ಗಾಳಿಯಪ್ಪಾ, ಅಜ್ಜಿ ಕೂಡ ನೀ ಇರ್ತೀಯೇನು?"

"ನನಗ ಒಂದ್ ಕಡೆ ನಿಂತು ಗೊತ್ತಿಲ್ಲವ್ವಾ," ಎಂದು ಗಾಳಿ ಹೋಯಿತು.

"ಹೊಳೆಯವ್ವಾ, ನೀ ಇರ್ತೀಯೇನು?"

"ನಾ ಸಮುದ್ರಕ್ಕ ಹೊಂಟೀನಿ ಕೂಸೇ," ಎಂದು ಹೊಳೆಯೂ ಹೋಯಿತು.

ಮಡಕೆಯಲ್ಲಿ ಕೆಂಡ ಮಂಕಾಗತೊಡಗಿತು. ಚಿಗರಿಗೆ ಅಳು ಬಂತು. ಹೋದರೆ ಅಜ್ಜಿಗೆ ಚಳಿ, ಹೋಗದಿದ್ದರೆ ಎಲ್ಲರಿಗೂ ಚಳಿ.

ಪಕ್ಕದಲ್ಲಿ ಮಲಗಿದ್ದ ಕಲ್ಲು ಕಣ್ಣು ಬಿಟ್ಟಿತು. "ಅಳಬ್ಯಾಡ. ನನಗ ಹೋಗಾಕ ಊರಿಲ್ಲ, ಕೇರಿಲ್ಲ. ನಾ ಇರ್ತೀನಿ."

"ನಿನ್ನ ಮೈಯೇ ತಣ್ಣಗೈತಲ್ಲ?"

ಕಲ್ಲಿಗೆ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ಏಳದ ಕಲ್ಲು ಅಂದು ಸೊಂಟ ಹಿಡಿದುಕೊಂಡು, ಅಯ್ಯಯ್ಯೋ ಎನ್ನುತ್ತ ಎದ್ದು ನಿಂತಿತು. ಮುಳುಗಲು ಹೊರಟಿದ್ದ ಸೂರ್ಯನನ್ನು ಕರೆಯಿತು. "ಸೂರ್ಯಪ್ಪಾ, ಹೋಗೂ ಮುಂದ ಒಂದೀಟು ಕಾವು ಕೊಟ್ಟು ಹೋಗು. ನನಗಲ್ಲ, ಈ ಮುದುಕಿಗೆ."

ಸೂರ್ಯ ಕೈತುಂಬ ಕೊಟ್ಟ. ಚಿಗರಿ ಕಲ್ಲಿಗೆ ಕೆನ್ನೆ ಹಚ್ಚಿ ನೋಡಿದಳು. ಅಜ್ಜಿಯ ಮಡಿಲಿನಷ್ಟೇ ಬೆಚ್ಚಗಿತ್ತು. ಮಡಕೆ ಎತ್ತಿಕೊಂಡು, ಕೆಂಡವನ್ನು ಊದುತ್ತ ಊದುತ್ತ ಇಳಿದಳು. "ನಾ ಬರೂತನಕ ನಿಂತಿರು!" ಎಂದು ತಿರುಗಿ ಕೂಗಿದಳು.

ಅದನ್ನು ನೋಡಿ ಉಳಿದ ಕಲ್ಲುಗಳೂ ಗೊಣಗುತ್ತ ಎದ್ದು, ಒಂದೊಂದು ಸಮಾಧಿಯ ಬಳಿ ನಿಂತುಕೊಂಡವು.

ಚಿಗರಿ ತಿರುಗಿ ಬಂದಳೇ ಎಂದು ಕೇಳುತ್ತೀಯಾ? ನಾನೂ ಅಜ್ಜಿಯನ್ನು ಅದನ್ನೇ ಕೇಳಿದ್ದೆ. ಅವಳು ನನ್ನ ಅಂಗೈಯನ್ನು ಈ ಕಲ್ಲಿನ ಮೇಲೆ ಇಟ್ಟಿದ್ದಳು. ಕೊಡು ಇಲ್ಲಿ ನಿನ್ನ ಕೈ. ಹೊತ್ತು ಮುಳುಗಿದರೂ ಎಷ್ಟು ಬೆಚ್ಚಗಿದೆ ನೋಡು. ಬರುತ್ತೇನೆಂದು ಹೋದ ಚಿಗರಿಯ ದಾರಿ ನೋಡುತ್ತ, ಅವಳ ಅಜ್ಜಿಯನ್ನು ಬೆಚ್ಚಗಿಡುತ್ತ ಅದು ಇವತ್ತಿಗೂ ನಿಂತೇ ಇದೆ.